ತೊಳೆದವರ ಸಹಿ

ಅಕ್ಟೋಬರ್ ಬಂತೆಂದರೆ ನಮ್ಮ ಪ್ರಯೋಗಾಲಯದ ಫೋನಿಗೆ ಬಿಡುವಿರುವುದಿಲ್ಲ. ದ್ರಾಕ್ಷಿ ಬಳ್ಳಿಯನ್ನು ಸವರುವ ಕಾಲ ಅದು. ನಮ್ಮ ಕಡೆ ಅದಕ್ಕೆ ಚಾಟ್ನಿ ಅನ್ನುತ್ತಾರೆ. ಚಾಟ್ನಿ ಮುಗಿಸಿದ ರೈತನಿಗೆ ನೂರೆಂಟು ಅನುಮಾನ. ಹೊನವಾಡದ ಕಾಕಾ ಫೋನ್ ಮಾಡಿದಾಗ ಇದೂ ಅಂಥದ್ದೇ ಎಂದುಕೊಂಡು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ ಕೈಕೆಲಸ ಮುಂದುವರಿಸಿದೆ. ಕಾಕಾ ಹೇಳಿದ್ದು ಒಂದೇ ಮಾತು: "ಆಪಾ ಹೋದ್ರಿ ಸರ್, ಮುಂಜಾನೆ."

ಸುಳ್ಳು ಯಾಕೆ ಹೇಳಲಿ, ಮೊದಲು ಬಂದದ್ದು ದುಃಖವಲ್ಲ. ಇನ್ನು ಮುಂದೆ ಅವರ ಎದುರು ನಿಲ್ಲುವ ಪ್ರಸಂಗ ಬರುವುದಿಲ್ಲ ಎಂಬ ಒಂದು ನಿರಾಳ. ಆಮೇಲೆ ಆ ನಿರಾಳಕ್ಕೇ ಮೈಯೆಲ್ಲ ನಾಚಿಕೆಯಾಯಿತು. ಎರಡನ್ನೂ ಒಳಗಿಟ್ಟುಕೊಂಡೇ ಮಣ್ಣಿಗೆ ಹೋಗಿ ಬಂದೆ. ಅಲ್ಲಿಂದ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣವನ್ನು ಕೊನೆಗೆ ಹೇಳುತ್ತೇನೆ. ಸದ್ಯಕ್ಕೆ ಆಪಾ ಅಂದರೆ ಸಾಕು, ಉರ್ದುವಿನಲ್ಲಿ ಅಕ್ಕ ಎಂದು. ಟಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರೆಲ್ಲ, ಅವರಿಗಿಂತ ಹತ್ತು ವರ್ಷ ದೊಡ್ಡವರೂ ಸೇರಿ, ಹಾಗೇ ಕರೆಯುತ್ತಿದ್ದರು.

ತೊರವಿ ದಾರಿಯಲ್ಲಿರುವ ನಮ್ಮದು ಸಣ್ಣ ಖಾಸಗಿ ಪ್ರಯೋಗಾಲಯ. ಮಣ್ಣು, ನೀರು, ಎಲೆಯ ದೇಟು ಪರೀಕ್ಷೆ ಮಾಡುತ್ತೇವೆ. ದೇಟು ಅಂದರೆ ಎಲೆಯನ್ನು ಬಳ್ಳಿಗೆ ಕೂಡಿಸುವ ಸಣ್ಣ ಕಡ್ಡಿ. ಬಳ್ಳಿ ಹೂವಾದಾಗ ಗೊನೆಯ ಎದುರಿಗಿರುವ ಎಲೆಯ ದೇಟನ್ನೇ ಕಿತ್ತು ತರಬೇಕು. ಅದನ್ನು ತೊಳೆದು, ಎರಡು ದಿನ ಒಲೆಯಂಥ ಪೆಟ್ಟಿಗೆಯಲ್ಲಿ ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟರೆ ಬಳ್ಳಿಯ ಹೊಟ್ಟೆಯಲ್ಲಿ ಏನಿದೆ, ಏನಿಲ್ಲ ಎಂದು ಗೊತ್ತಾಗುತ್ತದೆ. ಯಂತ್ರ ನೋಡುವುದು, ವರದಿ ಬರೆಯುವುದು, ರೈತನಿಗೆ ಸಲಹೆ ಕೊಡುವುದು ನನ್ನ ಕೆಲಸ. ಅದಕ್ಕಿಂತ ಮುಂಚಿನದೆಲ್ಲ ಆಪಾ ಅವರದು.

ನಾನು ಬಬಲೇಶ್ವರದವನು. ಎಂ.ಎಸ್ಸಿ. ಮುಗಿಸಿ ಬಂದಾಗ ಇಸ್ತ್ರಿ ಮಾಡಿದ ಅಂಗಿಗಿಂತ ನನ್ನ ಕುತ್ತಿಗೆಯೇ ಗಟ್ಟಿಯಾಗಿತ್ತು. ಆಪಾ ಆಗಲೇ ಅಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರು. ಬಿ.ಎಸ್ಸಿ. ಓದಿದ್ದರು, ಸಸ್ಯಶಾಸ್ತ್ರದಲ್ಲಿ. ತಲೆಯ ಮೇಲಿನ ದುಪಟ್ಟಾ ಜಾರದಂತೆ ಎರಡು ಪಿನ್ನು, ದಾರ ಕಟ್ಟಿದ ಕನ್ನಡಕ, ನೀರಲ್ಲಿ ನೆನೆದು ನೆನೆದು ಬೆಳ್ಳಗಾದ ಬೆರಳ ತುದಿ. ನಾನು ಮೊದಲ ದಿನ ಒಳಗೆ ಬಂದು ಹೆಸರು, ಡಿಗ್ರಿ ಎಲ್ಲ ಹೇಳಿ ನಿಂತರೆ ಅವರು ಅಂದದ್ದು ಇಷ್ಟೇ: "ಬಾಳ ಚಲೋ ಆತ್ರಿ ಸರ್. ಕೈ ತೊಳಕೊಂಡ ಬರ್ರಿ."

ಅವರ ತಂದೆಗೆ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ತಾಮ್ರ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಅಂಗಡಿ ಇತ್ತಂತೆ. ಸ್ಟೀಲು ಬಂದು ಅದು ಮುಚ್ಚಿತು. ಆದರೆ ಅಪ್ಪನ ಮಾತೊಂದು ಮಗಳ ಬಾಯಲ್ಲಿ ಉಳಿದಿತ್ತು. ತಿಕ್ಕದ ಪಾತ್ರೆಗೆ ಕಲಾಯಿ ಹತ್ತುವುದಿಲ್ಲ, ಹತ್ತಿದಂತೆ ಕಾಣುತ್ತದೆ ಅಷ್ಟೇ. ಹಾಗಾಗಿ ದೇಟಿಗೆ ನಾಲ್ಕು ನೀರು. ಮೊದಲು ನಲ್ಲಿಯದು, ಆಮೇಲೆ ಸೋಪಿನದು, ಆಮೇಲೆ ತುಸು ಆಮ್ಲ ಬೆರೆಸಿದ್ದು, ಕೊನೆಗೆ ಭಟ್ಟಿ ಇಳಿಸಿದ ಶುದ್ಧ ನೀರು. ಒಂದೊಂದು ನೀರಿಗೂ ತುಟಿ ಅಲ್ಲಾಡಿಸುತ್ತ ಏಕ್, ದೋ ಎಂದು ಮೂವತ್ತರವರೆಗೆ ಎಣಿಸುವರು. ಹದಿನೆಂಟಕ್ಕೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ ಶುರು. ಮಾಲಕರು ಮಾತಾಡಿಸಿದರೂ ಅಷ್ಟೇ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅನ್ನುವಂತೆ ನಾನೂ ಒಂದಿಷ್ಟು ದಿನ ಅವರ ಪಕ್ಕದಲ್ಲಿ ನಿಂತು ನಾಲ್ಕು ನೀರಲ್ಲಿ ತೊಳೆದೆ. ಆಮೇಲೆ ಅದು ನನ್ನ ಡಿಗ್ರಿಗೆ ತಕ್ಕ ಕೆಲಸವಲ್ಲ ಎಂದು ನನಗೇ ಹೊಳೆಯಿತು.

ಮಾದರಿ ತಂದ ರೈತನಿಗೆ ಅವರು ಮೂರು ಪ್ರಶ್ನೆ ಕೇಳದೆ ಚೀಲ ಮುಟ್ಟುತ್ತಿರಲಿಲ್ಲ. ಯಾವ ಎಲಿ? ಏನ ಹೊಡದೀರಿ, ಯಾವಾಗ ಹೊಡದೀರಿ? ನೀರ ಎಂಥಾದು? ಎಲೆಯ ಮೇಲೆ ಎರಡು ದಿನದ ಹಿಂದೆ ಏನಾದರೂ ಸಿಂಪಡಿಸಿದ್ದರೆ ಚೀಲ ವಾಪಸ್ಸು. ವಾರ ಬಿಟ್ಟು ಬನ್ನಿ ಎನ್ನುವರು. ಒಮ್ಮೆ ಮಾಲಕರ ಬೀಗರ ಚೀಲವನ್ನೇ ಹಾಗೆ ತಿರುಗಿಸಿ ಕಳಿಸಿದರು. ಬೀಗರು ಜೀಪಿನಲ್ಲಿ ಬಂದವರು, ಮುಖ ಗಂಟಿಕ್ಕಿಕೊಂಡು ಹೋದರು. ಮಾಲಕರು ಆ ದಿನವೆಲ್ಲ ಆಪಾ ಕಡೆ ನೋಡಲಿಲ್ಲ. ಆಪಾ ಅದನ್ನು ಗಮನಿಸಲೂ ಇಲ್ಲ, ಎಣಿಸುತ್ತಿದ್ದರು.

ನಾನು ಅವರಿಂದ ಕಲಿತ ದೊಡ್ಡ ಪಾಠ ಒಂದು ಮಧ್ಯಾಹ್ನ, ಒಬ್ಬ ರೈತನ ಜಗಳದಿಂದ ಬಂತು. ಎಲೆ ಇಷ್ಟು ಹಸಿರಾಗಿದೆ, ಕಣ್ಣಿಗೇ ಕಾಣುತ್ತದೆ, ಪರೀಕ್ಷೆ ಯಾಕೆ ಬೇಕು ಎಂದು ಅವನ ವಾದ. ನಾನು ರಸದಾನಿ, ಕೋಶದ್ರವ್ಯ, ಪೊರೆ ಎಂದು ಶುರು ಮಾಡಿದೆ. ಅವನು ನನ್ನ ಮುಖವನ್ನು, ಸಾಲಿ ಮಾಸ್ತರರನ್ನು ನೋಡುವ ದಡ್ಡ ಹುಡುಗನಂತೆ ನೋಡುತ್ತ ನಿಂತ. ಆಪಾ ಕೈ ಒರೆಸಿಕೊಂಡು ಬಂದರು.

"ಅಣ್ಣಾರ, ನಿಮ್ಮ ಮನ್ಯಾಗ ಜ್ವಾಳದ ಹಗೇವು ಇತ್ತೇನ್ರಿ?" ಎಂದು ಕೇಳಿದರು.

ಅಂಗಳದಲ್ಲಿ ಆಳವಾಗಿ ತೋಡಿ, ಜೋಳದ ಒಣದಂಟಿನ ಕಣಕಿ ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಇಟ್ಟು ಮಣ್ಣು ಮೆತ್ತುವ ಹಗೇವು ನಮ್ಮ ಕಡೆಯ ಹಳೇ ಮನೆಗಳಲ್ಲೆಲ್ಲ ಇತ್ತು. ಇತ್ತು ಎಂದ ಅವನು.

"ಒಲಿ ಮುಂದ ಒಂದು ಡಬ್ಬಿ ಇರ್ತಿತ್ತಲ್ರಿ, ದಿನಾ ರೊಟ್ಟಿ ಮಾಡಾಕ. ಆ ಡಬ್ಬಿ ಯಾವಾಗೂ ತುಂಬೇ ಇರ್ತಿತ್ತು. ಯಾಕಂದ್ರ ಖಾಲಿ ಆದಂಗ ನಿಮ್ಮವ್ವ ಹಗೇವಿನಿಂದ ತಗದು ತುಂಬ್ತಿದ್ದಳು. ಎಲಿ ಒಳಗೂ ಕಣ್ಣಿಗಿ ಕಾಣದಷ್ಟ ಸಣ್ಣ ಸಣ್ಣ ಕ್ವಾಣಿ ಅದಾವ. ಒಂದೊಂದ್ರಾಗೂ ಒಂದು ಒಲಿ, ಒಂದು ಡಬ್ಬಿ, ಒಂದು ಹಗೇವು. ಎಲಿ ಹಸರ ಐತಿ ಅಂದ್ರ ಡಬ್ಬಿ ತುಂಬೇತಿ ಅಂತ, ಅಷ್ಟ. ಹಗೇವು ಖಾಲಿ ಆಗಾಕತ್ತಿದ್ದು ನಿಮ್ಮ ಕಣ್ಣಿಗಿ ಕಾಣಂಗಿಲ್ಲ. ನಾವು ನೋಡೂದು ಹಗೇವು."

ರೈತ ಚೀಲ ಕೊಟ್ಟು ಕೂತ. ನಾನು ಯಂತ್ರದ ಕಡೆ ತಿರುಗಿದೆ. ನಾಲ್ಕು ವರ್ಷ ಓದಿ ಪರೀಕ್ಷೆಯಲ್ಲಿ ಬರೆದದ್ದು ಅದೇ. ಪೊಟ್ಯಾಷ್ ಕಡಿಮೆಯಾದಾಗ ಜೀವಕೋಶ ತನ್ನ ರಸದಾನಿಯ ದಾಸ್ತಾನನ್ನು ಮೊದಲು ಇಳಿಸುತ್ತದೆ, ಕೆಲಸ ನಡೆಯುವ ಕೋಶದ್ರವ್ಯದಲ್ಲಿ ಮಾತ್ರ ಮಟ್ಟ ಕದಲದಂತೆ ಕಾಯುತ್ತದೆ. ಬರೆದು ಒಳ್ಳೆ ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ಬಬಲೇಶ್ವರದ ನಮ್ಮ ಅಂಗಳದ ಹಗೇವಿನ ಬಂಡೆಯ ಮೇಲೆ ಕೂತೇ ಓದಿದ್ದರೂ ನನಗೆ ಅದು ಹೊಳೆದಿರಲಿಲ್ಲ.

ಹಗೇವಿನ ಮಾತು ಒಮ್ಮೆ ಸಿಕ್ಕ ಮೇಲೆ ಅವರು ಅದನ್ನು ಬಿಡಲಿಲ್ಲ. ನಮ್ಮ ಕಡೆಯ ಬೋರಿನ ಉಪ್ಪು ನೀರಿನ ಬಗ್ಗೆ ಕೇಳಿದವರಿಗೆ, ಬೇಡದ ಉಪ್ಪನ್ನೂ ಗಿಡ ಆ ಹಗೇವಿಗೇ ತಳ್ಳಿ ಬಾಯಿ ಮುಚ್ಚುತ್ತದೆ, ಒಲೆಯ ಹತ್ತಿರ ಬರಗೊಡುವುದಿಲ್ಲ, ಬಹಳ ದಿನ ಎಲೆ ನೆಟ್ಟಗೇ ಕಾಣುತ್ತದೆ, ತುಂಬಿ ಇನ್ನು ಜಾಗವಿಲ್ಲ ಅಂದಾಗ ಅಂಚಿನಿಂದ ಸುಡಲು ಶುರುವಾಗುತ್ತದೆ ಎಂದು ಹೇಳುವರು. ಪೊಟ್ಯಾಷ್ ಬಗ್ಗೆ ಅವರಿಗೆ ಒಂದು ಗೌರವ. ಚಿಗುರಿಗೆ ಕಡಿಮೆಯಾದರೆ ಹಳೆಯ ಎಲೆಗಳು ತಮ್ಮದನ್ನು ಬಿಟ್ಟುಕೊಟ್ಟು ತಾವು ಒಣಗುತ್ತವೆ, ಅದಕ್ಕೇ ರೋಗ ಹಳೆಯ ಎಲೆಯಲ್ಲಿ ಮೊದಲು ಕಾಣುತ್ತದೆ ಎನ್ನುವರು. ಕ್ಯಾಲ್ಸಿಯಂ ಕಂಡರೆ ಮಾತ್ರ ಅವರಿಗಾಗದು. ಸೂಕ್ಷ್ಮದರ್ಶಕದ ಕೆಳಗೆ ದ್ರಾಕ್ಷಿ ಎಲೆಯ ಕೋಶಗಳಲ್ಲಿ ಸೂಜಿ ಸೂಜಿಯಾಗಿ ಹೆಪ್ಪುಗಟ್ಟಿದ ಅದನ್ನು ತೋರಿಸಿ, "ಇದು ಬೀಗರ ಮನಿಗಿ ಬಂದ ದೊಡ್ಡಪ್ಪ ನೋಡ್ರಿ. ಒಮ್ಮಿ ಕುಂತ್ರ ಏಳಂಗಿಲ್ಲ" ಎಂದು ತಾವೇ ನಗುವರು.

ಇನ್ನೊಂದು ಪದ್ಧತಿ ಅವರದು. ಪ್ರತಿ ಮಾದರಿಯ ಪುಡಿಯಲ್ಲಿ ಅರ್ಧದಷ್ಟನ್ನೇ ಪರೀಕ್ಷೆಗೆ ಕೊಡುವರು. ಉಳಿದರ್ಧವನ್ನು ಕಾಗದದ ಪೊಟ್ಟಣ ಕಟ್ಟಿ, ಮೇಲೆ ನಂಬರು ಬರೆದು, ತಮ್ಮ ಮೇಜಿನ ಖಾನೆಯಲ್ಲಿ ಒಂದು ಹಂಗಾಮು ಇಟ್ಟುಕೊಳ್ಳುವರು. ಅನುಮಾನ ಬಂದರೆ ಮತ್ತೆ ನೋಡಬಹುದು ಎಂದು. ಅವರ ಕೆಲಸದಲ್ಲಿ ಅನುಮಾನ ಬಂದದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಆ ಅನುಮಾನವನ್ನು ತಂದವನು ನಾನೇ.

ಆ ವರ್ಷ ಹೂವಿನ ಹಂಗಾಮು ಜೋರಾಗಿತ್ತು. ಆಪಾ ಅವರ ಅಕ್ಕನ ಮಗಳ ಮದುವೆ ಟಿಕೋಟಾದಲ್ಲಿ. ಮೂರು ದಿನ ರಜೆ ಹಾಕಿದ್ದರು. ಹೋಗುವ ಮುಂಚೆ, ಬಂದ ಮಾದರಿಗಳನ್ನು ಫ್ರಿಜ್ಜಿನಲ್ಲಿಡಿ, ನಾನು ಬಂದು ತೊಳೆಯುತ್ತೇನೆ ಎಂದು ನನಗೆ ಎರಡು ಸಲ ಹೇಳಿದ್ದರು. ಮೊದಲ ದಿನವೇ ಹೊನವಾಡದ ಕಾಕಾ ಬಂದರು. ನಮ್ಮ ಹಳೆಯ ಗಿರಾಕಿ, ದೊಡ್ಡ ತೋಟ, ಹಣ್ಣನ್ನೆಲ್ಲ ಒಣದ್ರಾಕ್ಷಿ ಮಾಡುವವರು. ಬೇಗ ವರದಿ ಬೇಕಿತ್ತು ಅವರಿಗೆ. ನಾನಿದ್ದೇನಲ್ಲ, ಮೂರು ದಿನದಲ್ಲಿ ಕೊಡುತ್ತೇನೆ ಎಂದೆ. ಆಪಾ ಇಲ್ಲದೆಯೂ ಕೆಲಸ ನಡೆಯುತ್ತದೆ ಎಂದು ಯಾರಿಗೋ ತೋರಿಸಬೇಕಿತ್ತು ನನಗೆ. ಯಾರಿಗೆ ಎಂದು ಇವತ್ತಿಗೂ ತಿಳಿದಿಲ್ಲ.

ಮೂರು ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಚೀಲದಿಂದ ಅರ್ಧದಷ್ಟು ದೇಟು ತೆಗೆದೆ. ಮೇಲೆ ಬಿಳಿಯ ಸಣ್ಣ ಪುಡಿ ಕೂತಿತ್ತು. ಟಿಕೋಟಾ ರಸ್ತೆಯ ಧೂಳು ಎಂದುಕೊಂಡೆ. ನಲ್ಲಿಯ ಕೆಳಗೆ ಒಮ್ಮೆ ಹಿಡಿದು, ಜಾಡಿಸಿ, ಒಣಗಲು ಇಟ್ಟೆ. ಅದು ಧೂಳಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಕಾಕಾ ಎರಡು ದಿನದ ಹಿಂದೆ ಎಲೆಗೆ ಪೊಟ್ಯಾಷ್ ಸಿಂಪಡಿಸಿದ್ದರು. ಮೂರನೆಯ ದಿನ ಯಂತ್ರಕ್ಕೆ ಕೊಟ್ಟರೆ ಪೊಟ್ಯಾಷ್ ಧಾರಾಳ ಇದೆ ಎಂದು ತೋರಿಸಿತು. ಕಾಕಾಗೆ ಫೋನ್ ಮಾಡಿ, ಹನಿ ನೀರಾವರಿಯಲ್ಲಿ ಪೊಟ್ಯಾಷ್ ಬಿಡುವುದನ್ನು ಸದ್ಯ ನಿಲ್ಲಿಸಿ, ಬಳ್ಳಿಯಲ್ಲಿ ಬೇಕಾದಷ್ಟಿದೆ ಎಂದೆ.

ಸಂಜೆ ದಾಖಲೆ ಪುಸ್ತಕ ತುಂಬಲು ಕೂತೆ. ಸ್ವೀಕರಿಸಿದವರು, ತೊಳೆದವರು, ಪುಡಿ ಮಾಡಿದವರು, ಪರೀಕ್ಷಿಸಿದವರು ಎಂದು ಅದರಲ್ಲಿ ಒಂದೊಂದಕ್ಕೂ ಜಾಗ. 'ತೊಳೆದವರು' ಅನ್ನುವ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ, ಹಿಂದಿನ ಪುಟಗಳಲ್ಲೂ, ಆಪಾ ಅವರ ಹೆಸರೇ. ನನ್ನ ಹೆಸರು ಬರೆದರೆ ಯಾಕೆ ಎಂದು ಅವರು ಕೇಳುತ್ತಾರೆ. ಖಾಲಿ ಬಿಟ್ಟರೂ ಕೇಳುತ್ತಾರೆ. ಮೇಲಿನ ಸಾಲುಗಳನ್ನು ನೋಡಿಕೊಂಡು ಅವರ ಹೆಸರನ್ನೇ ಬರೆದುಬಿಟ್ಟೆ. ಪೆನ್ನು ತಡವರಿಸಲೂ ಇಲ್ಲ.

ಆಪಾ ಮದುವೆಯಿಂದ ಬಂದರು, ಕೈಯಲ್ಲಿ ಮೆಹಂದಿ, ಒಂದು ಡಬ್ಬಿ ತುಂಬ ಖಾರಾ, ಲಾಡು. ಫ್ರಿಜ್ಜು ತೆರೆದಾಗ ಕಾಕಾರ ಚೀಲದ ಉಳಿದರ್ಧ ಕಂಡಿತು. ದೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹೊಸ ದೇಟು ತರಿಸುವಷ್ಟರಲ್ಲಿ ಹೂವಿನ ಹೊತ್ತು ಮುಗಿದಿರುತ್ತಿತ್ತು. ನಾಲ್ಕು ನೀರಲ್ಲಿ ತೊಳೆದು, ಒಣಗಿಸಿ, ಎರಡು ದಿನ ಬಿಟ್ಟು ತಾವೇ ಯಂತ್ರದಲ್ಲಿ ನೋಡಿ, ನನ್ನ ಮೇಜಿನ ಹತ್ತಿರ ಬಂದರು. ಬೇರೆಯವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಮಾತಾಡಿದರು.

"ಸರ್, ಹೊನವಾಡದ್ದು ಇನ್ನೊಮ್ಮಿ ನೋಡೇನಿ. ಪೊಟ್ಯಾಷ್ ಬಾಳ ಕಮ್ಮಿ ಐತಿ. ಹಗೇವು ಖಾಲಿ ಆಗೇತಿ. ಕಾಕಾರಿಗಿ ಫೋನ್ ಮಾಡ್ರಿ."

ಮಾಡುತ್ತೇನೆ ಎಂದೆ. ಮಾಡಲಿಲ್ಲ. ಅಂದು ಕೆಲಸವಿತ್ತು, ಮರುದಿನ ಮರೆತೆ, ಅದರ ಮರುದಿನ ಮರೆತಂತೆ ನಟಿಸಿದೆ. ಮೂರು ದಿನದ ಹಿಂದೆ ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ತಪ್ಪು ಎಂದು ಹೇಗೆ ಹೇಳುವುದು? ಒಂದು ಫೋನು. ಒಂದು ನಿಮಿಷದ ಕೆಲಸ. ಆಪಾ ಮತ್ತೊಂದು ಸಲ, ಮಾಡಿದಿರಾ ಎಂದು ಕೇಳಿದರು. ಹ್ಞೂಂ ಎಂದೆ. ಅದು ಎರಡನೆಯ ಸುಳ್ಳು.

ಕಾಯಿ ಹಣ್ಣಾಗುವ ಹೊತ್ತಿಗೆ ಕಾಕಾ ಒಂದು ಗೊನೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಸೀದಾ ಮಾಲಕರ ಕೋಣೆಗೆ ಬಂದರು. ಮಾಲಕರು ನಮ್ಮಿಬ್ಬರನ್ನೂ ಕರೆಸಿದರು. ಕಾಕಾ ಒಂದು ಹಣ್ಣನ್ನು ಬೆರಳಲ್ಲಿ ಹಿಚುಕಿದರು. ತಿರುಳಿಲ್ಲ, ರುಚಿಯಿಲ್ಲದ ನೀರು ಸುರಿಯಿತು. ಪೊಟ್ಯಾಷ್ ಸಾಲದೆ ಗೊನೆಯ ತುದಿಯೆಲ್ಲ ಹಾಗೇ ಆಗಿತ್ತು. ಶೆಡ್ಡಿನಲ್ಲಿ ಹರವಿದರೆ ಇದು ಒಣದ್ರಾಕ್ಷಿ ಆಗುವುದಿಲ್ಲ, ಬರೀ ಸಿಪ್ಪೆ ಉಳಿಯುತ್ತದೆ ಎಂದರು. ಮಾಲಕರು ದಾಖಲೆ ಪುಸ್ತಕ ತರಿಸಿ, ಆ ಸಾಲಿನ ಮೇಲೆ ಬೆರಳಿಟ್ಟು, ತೊಳೆದವರು ಯಾರು ಎಂದು ಗಟ್ಟಿಯಾಗಿ ಓದಿದರು.

ಆಪಾ ಪುಸ್ತಕದ ಮೇಲೆ ಬಗ್ಗಿ ನೋಡಿದರು. ತಮ್ಮ ಹೆಸರನ್ನು, ತಮ್ಮದಲ್ಲದ ಅಕ್ಷರದಲ್ಲಿ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನನ್ನ ಕಡೆ ನೋಡಿದರು. ಅವರು ಆ ದಿನ ರಜೆಯಲ್ಲಿದ್ದರು ಎಂಬ ಒಂದು ಮಾತು ಸಾಕಿತ್ತು. ಅವರ ಮೇಜಿನ ಖಾನೆ ಬಾಗಿಲಾಚೆ ಹತ್ತು ಹೆಜ್ಜೆ ದೂರದಲ್ಲಿತ್ತು, ಅದರಲ್ಲಿ ಅವರು ತೊಳೆದು ನೋಡಿದ ಹೊನವಾಡದ ಪುಡಿಯ ಪೊಟ್ಟಣವಿತ್ತು. ಅವರು ಹೇಳಲಿಲ್ಲ, ತರಲಿಲ್ಲ.

"ಸರ್‌ಗೆ ಗೊತ್ತೈತಿ ನೋಡ್ರಿ" ಎಂದರು, ಅಷ್ಟೇ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೇಳಿದ ವಾಕ್ಯ ನನಗೆ ಅಕ್ಷರ ಬಿಡದೆ ನೆನಪಿದೆ. "ಆವಾಗ ಗದ್ದಲ ಬಾಳ ಇತ್ತರಿ. ತೊಳಿಯೂದ್ರಾಗ ಹೆಚ್ಚುಕಮ್ಮಿ ಆಗಿರಬೇಕು." ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವೇನಿತ್ತು, ಪುಸ್ತಕ ತೆರೆದೇ ಇತ್ತು.

ಆಪಾ ಕಾಕಾ ಕಡೆ ತಿರುಗಿ ಕೈ ಮುಗಿದರು. "ಅಣ್ಣಾರ, ನಮ್ಮ ಕಡಿಂದ ನಿಮ್ಮ ಹಣ್ಣು ಕೆಟ್ಟಾವ. ತಪ್ಪಾತ್ರಿ." ನಮ್ಮ ಕಡೆಯಿಂದ ಎಂದರು. ನಾನು ಆ 'ನಮ್ಮ'ದೊಳಗೆ ಆರಾಮವಾಗಿ ಅಡಗಿ ನಿಂತೆ.

ಮರುದಿನದಿಂದ ಮಾಲಕರು ಅವರನ್ನು ತೊಳೆಯುವ ಕಟ್ಟೆಯಿಂದ ತೆಗೆದು ಚೀಲ ತೆಗೆದುಕೊಳ್ಳುವ ಕಿಟಕಿಗೆ ಕೂಡಿಸಿದರು. ಅವರು ಅಲ್ಲಿಂದಲೂ ಮೂರು ಪ್ರಶ್ನೆ ಕೇಳುತ್ತಿದ್ದರು. ಆದರೆ ರೈತರ ಕಿವಿಗೆ ಸುದ್ದಿ ಬಿದ್ದಿತ್ತು. ಒಬ್ಬ ಅವರ ಮುಂದೆಯೇ, ಈ ಸಲವಾದರೂ ತೊಳೀತೀರೋ ಇಲ್ಲೋ ಎಂದು ಕೇಳಿದ. ಆಪಾ ಚೀಲದ ಮೇಲೆ ನಂಬರು ಬರೆದರು. ನಾನು ಒಳಗೆ ಯಂತ್ರದ ಮುಂದೆ ಕೂತು ಅದನ್ನು ಕೇಳಿಸಿಕೊಂಡೆ. ಆ ಹಂಗಾಮು ಮುಗಿದ ಮೇಲೆ ಅವರು ಕೆಲಸ ಬಿಟ್ಟರು. ಹೋಗುವ ದಿನ ಖಾನೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೇಳಿದರು: "ಉಳಿದ ಪೊಟ್ಟಣ ಒಗದ್ರೂ ನಡೀತೈತ್ರಿ. ಅದರಾಗ ಒಂದು ನಿಮ್ಮದೈತಿ. ಅದನ್ನ ಇಟ್ಟುಕೊರ್ರಿ."

ಅವರು ಮನೆಯಲ್ಲಿ ಕೂತ ಮೇಲೂ ಗಾಂಧಿ ಚೌಕಕ್ಕೆ ಸಂತೆಗೆ ಬಂದ ಕೆಲವು ರೈತರು ಎಲೆ ಹಿಡಿದುಕೊಂಡು ಅವರ ಹೊಸ್ತಿಲಿಗೆ ಹೋಗುತ್ತಾರೆ ಎಂದು ಕೇಳಿದ್ದೆ. ನಾನು ಹೋಗಲಿಲ್ಲ. ಒಮ್ಮೆ ಚೌಕದಲ್ಲಿ ಅವರು ಎದುರಿಗೆ ಬರುವುದು ಕಂಡಿತು. ಕೈಯಲ್ಲಿ ಮೆಂತ್ಯೆ ಸೊಪ್ಪು, ಅದನ್ನೂ ಬೆಳಕಿಗೆ ಹಿಡಿದು ನೋಡುತ್ತ ಬರುತ್ತಿದ್ದರು. ನಾನು ಪಕ್ಕದ ಭಾಂಡೆ ಅಂಗಡಿಗೆ ನುಗ್ಗಿ ಸ್ಟೀಲ್ ಬಕೆಟ್ಟುಗಳ ಹಿಂದೆ ನಿಂತೆ. ಏನು ಬೇಕು ಎಂದು ಅಂಗಡಿಯವ ಕೇಳಿದ. ಬೇರೆ ದಾರಿ ಕಾಣದೆ ಒಂದು ಮುಚ್ಚಳ ಕೊಂಡೆ. ಆ ಅಳತೆಯ ಪಾತ್ರೆ ನಮ್ಮ ಮನೆಯಲ್ಲಿಲ್ಲ. ಯಾಕೆ ತಂದಿರಿ ಎಂದು ಹೆಂಡತಿ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಆಪಾ ಹೋದ ಮೇಲೆ ತೊಳೆಯುವ ಕೆಲಸ ನನ್ನ ಪಾಲಿಗೇ ಬಂತು. ಕಾಕಾ ಮಾತ್ರ ನಮ್ಮನ್ನು ಬಿಡಲಿಲ್ಲ. ಪ್ರತಿ ವರ್ಷ ಹೂವಿನ ಹೊತ್ತಿಗೆ ದೇಟು ತರುವರು. ಕೊಟ್ಟು ಹೋಗುವುದಿಲ್ಲ, ಒಳಗೆ ಬಂದು, ನಾನು ನಾಲ್ಕು ನೀರಲ್ಲಿ ತೊಳೆದು ಮುಗಿಸುವವರೆಗೆ ಕಟ್ಟೆಯ ಪಕ್ಕದಲ್ಲಿ ನಿಂತಿರುವರು. ಆಪಾ ಮಾಡಿದರೆನ್ನಲಾದ ತಪ್ಪಿನಿಂದ ಅವರಿಗೆ ನಮ್ಮ ಮೇಲೆ ನಂಬಿಕೆ ಹೋಗಿದೆ ಎಂದು ನಾನು ತಿಳಿದಿದ್ದೆ. ಹಾಗೆ ತಿಳಿದುಕೊಂಡು ಒಂದೆರಡು ಸಲ ಅವರಿಗೆ ಸಮಾಧಾನವನ್ನೂ ಹೇಳಿದ್ದೆ. ನನ್ನ ಚರ್ಮ ಎಷ್ಟು ದಪ್ಪವಿತ್ತು ನೋಡಿ.

ಮಣ್ಣು ಮುಗಿಸಿ ಬಂದು, ಆಪಾ ಅವರ ಮನೆಯ ಮುಂದೆ ಹಾಕಿದ್ದ ಕುರ್ಚಿಗಳಲ್ಲಿ ಕೂತಿದ್ದೆವು. ಅವರ ತಮ್ಮ ಬಂದವರಿಗೆ ನೀರು ಕೊಡುತ್ತಿದ್ದರು. ಕಾಕಾ ನನ್ನ ಪಕ್ಕದಲ್ಲಿ. ತೋಟದ ಬಗ್ಗೆ ಒಂದೆರಡು ಮಾತಾಡಿದರು. ಆಮೇಲೆ ನನ್ನ ಕಡೆ ನೋಡದೆ, ಎದುರಿನ ಗೋಡೆ ನೋಡುತ್ತ ಹೇಳಿದರು:

"ಆ ದಿನ ದೇಟ ನಾ ನಿಮ್ಮ ಕೈಯಾಗ ಕೊಟ್ಟಿದ್ದೆ ಸರ್. ಆಪಾ ಇರಲಿಲ್ಲ."

ಇಷ್ಟು ವರ್ಷ ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಇಬ್ಬರೇ ಎಂದುಕೊಂಡಿದ್ದೆ. ಚೀಲ ಕೈಗೆ ಕೊಟ್ಟವರಿಗೂ ಗೊತ್ತಿರುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಮೂರನೆಯವರು ಕೈಯಲ್ಲಿ ಹಣ್ಣು ಹಿಡಿದುಕೊಂಡು ಎದುರಿಗೇ ನಿಂತಿದ್ದರು.

ಹಾಗಾದರೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು, ಅದೂ ತಪ್ಪನ್ನು ಅವರ ಮೇಲೆ ಹಾಕಿದ ಹಾಗೆಯೇ. ಕಾಕಾ ಸಿಟ್ಟಾಗಲಿಲ್ಲ. ಹೇಳಲು ಬಾಯಿ ತೆರೆದಿದ್ದರಂತೆ, ಆಪಾ ಕಣ್ಣಲ್ಲೇ ಬೇಡ ಎಂದರಂತೆ. ಮರುದಿನ ಇದೇ ಮನೆಗೆ ಬಂದು, ಯಾಕೆ ಸುಮ್ಮನಿದ್ದಿರಿ ಎಂದು ಜಗಳ ತೆಗೆದರಂತೆ.

"ಏನಂದ್ರು?"

"ನಾ ಹೇಳಿದ್ರ ಸರ್ ಅವರ ಕೆಲಸ ಹೋಗತೈತಿ, ಅವರ ಬಾಯಿಲೆ ಅವರ ಹೇಳಿದ್ರ ಅವರು ಉಳೀತಾರ, ಅದಕ್ಕ ದಾರಿ ನೋಡಾಕತ್ತೇನಿ ಅಂದ್ರು." ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಆಮ್ಯಾಲ ಪ್ರತಿ ವರ್ಷಾ ನಿಮ್ಮ ಕಡಿ ದೇಟ ಕೊಟ್ಟು, ಹಂಗ ಇಲ್ಲಿ ಬಂದು ಹೋಗತಿದ್ದೆ. ಒಂದ ಮಾತ ಕೇಳ್ತಿದ್ರು ನೋಡ್ರಿ. ಸರ್ ತೊಳದ್ರೇನು ಅಂತ. ಹೂಂ ಆಪಾ, ನಾಕೂ ನೀರಾಗ ತೊಳದ್ರು, ನಿಂತ ನೋಡೇನಿ ಅಂತಿದ್ದೆ. ಅಷ್ಟಕ್ಕ ಖುಷಿ ಆಗತಿದ್ರು."

ಕಾಕಾ ಪ್ರತಿ ವರ್ಷ ಕಟ್ಟೆಯ ಪಕ್ಕದಲ್ಲಿ ನಿಂತದ್ದು ಅದಕ್ಕೆ. ಈ ಊರಿನಲ್ಲಿ ನನ್ನ ಮನೆಯಿಂದ ಅವರ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ಅವರು ಬಾಗಿಲು ತೆರೆದಿಟ್ಟುಕೊಂಡೇ ಇದ್ದರು. ಹೋಗಿ, ಆಪಾ ತಪ್ಪಾತ್ರಿ ಎನ್ನಲು ನನಗೆ ಹತ್ತು ನಿಮಿಷ ಸಿಗಲಿಲ್ಲ. ಕಾಕಾ ಎದ್ದು ಬಸ್ಸಿಗೆ ಹೋದ ಮೇಲೂ ನಾನು ಆ ಕುರ್ಚಿಯಲ್ಲೇ ಕೂತಿದ್ದೆ. ಆಪಾ ಅವರ ತಮ್ಮ ಬಂದು, ನೀವು ಅಕ್ಕನ ಜೊತೆ ಕೆಲಸ ಮಾಡಿದವರಾ, ಅಕ್ಕ ನಿಮ್ಮ ಬಗ್ಗೆ ಒಳ್ಳೆಯದನ್ನೇ ಹೇಳುತ್ತಿದ್ದಳು ಎಂದು ಇನ್ನೊಂದು ಲೋಟ ನೀರು ಕೊಟ್ಟರು.

ಮರುದಿನ ಮಾಲಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬಿಳಿ ಪುಡಿ, ಬರೆದ ಹೆಸರು, ಮಾಡದ ಫೋನು. ಅವರಿಗೀಗ ವಯಸ್ಸಾಗಿದೆ, ಮೊದಲಿನ ಜೋರಿಲ್ಲ. ಮೇಜಿನ ಗಾಜನ್ನು ಅಂಗೈಯಿಂದ ಉಜ್ಜಿದರು. "ನನಗ ಹೇಳಿ ಏನ ಮಾಡ್ತಿ?" ಎಂದರು. "ಕೇಳಬೇಕಾದವರು ನಿನ್ನಿ ಹೋದ್ರಲ್ಲೋ." ಇಷ್ಟು ವರ್ಷ ನನ್ನನ್ನು 'ರೀ' ಎನ್ನುತ್ತಿದ್ದವರು ಅವರು. ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಒಂದು ಲೆಕ್ಕಕ್ಕೆ ಸಲೀಸಾಗುತ್ತಿತ್ತು.

ಅಟ್ಟದ ಮೇಲಿನಿಂದ ಹಳೆಯ ದಾಖಲೆ ಪುಸ್ತಕ ಇಳಿಸಿದೆ. ಆ ಸಾಲು ಹುಡುಕಬೇಕಾಗಲಿಲ್ಲ. ಅವರ ಹೆಸರಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ, 'ಇವರು ಅಂದು ರಜೆಯಲ್ಲಿದ್ದರು, ಮಾದರಿಯನ್ನು ತೆಗೆದುಕೊಂಡವನು ನಾನು, ತೊಳೆಯಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಅದನ್ನು ಓದುವವರು ಯಾರೂ ಇಲ್ಲ ಎಂದು ನನಗೆ ಗೊತ್ತು. ಅದಕ್ಕೇ ಅಷ್ಟು ಸುಲಭವಾಗಿ ಬರೆದೆ ಅನ್ನುವುದೂ ಗೊತ್ತು. ಓದುವವರಿಗೆ ಗೊತ್ತಾಗಲಿ ಎಂದೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಪೊಟ್ಟಣ ನನ್ನ ಖಾನೆಯಲ್ಲಿದೆ. ಅದರ ಮೇಲೆ ಆಪಾ ಅಕ್ಷರದಲ್ಲಿ ನಂಬರು, ಪೊಟ್ಯಾಷ್ ಕಮ್ಮಿ ಅನ್ನುವ ಅಳತೆ, ಅದರ ಕೆಳಗೆ, 'ಸರ್‌ಗೆ ಹೇಳಿದೆ' ಎಂದು ಇದೆ. ಮುಂದೆ ಒಂದಿಷ್ಟು ಜಾಗ ಖಾಲಿ. ನಾನು ಫೋನ್ ಮಾಡಿದ ದಿನ ಬರೆಯಲು ಬಿಟ್ಟದ್ದಿರಬೇಕು.

ಹೆಸರಿನ ಮಾತು ಉಳಿಯಿತು. ವ್ಯಕ್ತಿಚಿತ್ರ ಬರೆದು ವ್ಯಕ್ತಿಯ ಹೆಸರನ್ನೇ ಬಿಟ್ಟರೆ ಓದುವವರಿಗೆ ಕಸಿವಿಸಿಯಾಗುತ್ತದೆ, ಬಲ್ಲೆ. ಆದರೆ ಅವರ ಹೆಸರನ್ನು ಒಮ್ಮೆ, ಅವರನ್ನು ಕೇಳದೆ, ಅವರಿಲ್ಲದ ಹೊತ್ತಿನಲ್ಲಿ ಬರೆದಿದ್ದೇನೆ. ಈಗಲೂ ಅವರಿಲ್ಲ.